ಕರೆಯುವ ತಂತಿ

“ಗುರುಗಳೇ, ಒಂದು ಚೀಲ ಬೆಲ್ಲಕ್ಕೆ ಒಂದು ಮನೆಯ ಮಾನ ತೆಗೆಯಬಹುದೇ?”

ಹೀಗೆ ಕೇಳಿದವನು ತಿಪ್ಪೇಶಿ. ಕೇಳಿದ್ದು ಮೌನಾಚಾರಿಯವರನ್ನು. ಮೌನಾಚಾರಿಯವರು ಹೆದ್ದಾರಿಯ ಪಕ್ಕದ ಶೆಡ್ಡಿನಲ್ಲಿ ಗಾಡಿಗಳಿಗೆ ವೈರಿಂಗ್ ಮಾಡುವವರು. ಅವರಲ್ಲಿ ಮೌನವೆನ್ನುವುದು ಹೆಸರಿನಲ್ಲಿ ಮಾತ್ರ ಇತ್ತು. ತಿಪ್ಪೇಶಿ ಅವರ ಶಿಷ್ಯ. ವಯಸ್ಸು ಮೂವತ್ತೈದು. ಸ್ವಂತದ ಟೆಂಪೋ ಓಡಿಸುತ್ತಾನೆ. ಬಾಡಿಗೆಯಿಲ್ಲದ ದಿನ ಬಂದು ವಿದ್ಯೆ ಕಲಿಯುತ್ತಾನೆ.

“ಬೆಲ್ಲ ಎಷ್ಟು?” ಎಂದರು ಗುರುಗಳು.

“ಐದು ಕೇಜಿ.”

“ಮಾನ ಎಷ್ಟು?”

“ತಮಾಷೆ ಬೇಡ ಗುರುಗಳೇ. ಮೈಯೆಲ್ಲ ಉರೀತಿದೆ.”

ವಿಷಯ ಇಷ್ಟು. ಮರುದಿನ ಬೆಳಿಗ್ಗೆ ತಿಪ್ಪೇಶಿಯ ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಆ ಊರಿನಲ್ಲಿ ಶುಭಕಾರ್ಯವಿದ್ದರೆ ಒಬ್ಬಳು ಹೆಂಗಸು ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗಿ ಕರೆಯಬೇಕು. ಕರೆಯುವವಳು ಬೋರಮ್ಮ. ಅವಳಿಗಿಂತ ಮೊದಲು ಅವಳ ಅತ್ತೆ ಕರೆಯುತ್ತಿದ್ದಳು. ಬಾಗಿಲಿಗೆ ಬಂದು ಕರೆಯದಿದ್ದರೆ ಆ ಊರಿನವರು ಬರುವುದಿಲ್ಲ. ಫೋನಿನಲ್ಲಿ ಕರೆದರೆ, ಫೋನಿನಲ್ಲೇ ಉಂಡೆವು, ಊಟ ಚೆನ್ನಾಗಿತ್ತು ಎನ್ನುತ್ತಾರೆ.

ಬೋರಮ್ಮ ಬೆಳಿಗ್ಗೆಯಿಂದ ಎರಡು ಕೇರಿ ಮುಗಿಸಿದ್ದಳು. ಮೂರನೆಯ ಕೇರಿಗೆ ಹೋಗುವಾಗ ತಿಪ್ಪೇಶಿಯ ಮನೆಯ ಮುಂದೆ ಹಾದಳು.

“ಅಡಿಗೆಯವರ ಮನೆ ಮೂರನೇ ಕೇರೀಲೇ ಇದೆ” ಎಂದ ತಿಪ್ಪೇಶಿ. “ಹೇಗೂ ಆ ಕಡೆ ಹೋಗ್ತೀಯಲ್ಲ ಬೋರಕ್ಕ, ಈ ಬೆಲ್ಲ ಅವರಿಗೆ ಕೊಟ್ಟುಬಿಡು ಅಂದೆ. ಇಷ್ಟೇ ಗುರುಗಳೇ, ನನ್ನ ಮಗಳಾಣೆ ಇಷ್ಟೇ ಅಂದಿದ್ದು. ಕುಂಕುಮದ ಬಟ್ಟಲನ್ನ ತಂದು ನನ್ನ ಹೊಸ್ತಿಲ ಮೇಲೆ ಇಟ್ಟಳು. ಕೈಲಿದ್ದದ್ದು, ಕಂಕುಳಲ್ಲಿದ್ದದ್ದು, ತಲೆ ಮೇಲಿದ್ದದ್ದು ಎಲ್ಲಾ ಅಲ್ಲೇ ಇಳಿಸಿದಳು. ಒಂದು ಮಾತಿಲ್ಲ. ಮನೆಗೆ ಹೋಗಿ ಅಗಳಿ ಹಾಕ್ಕೊಂಡಳು.”

“ಕಂಕುಳಲ್ಲಿ ಏನಿತ್ತು?”

“ಯಾರಿಗೆ ಗೊತ್ತು! ಯಾರದೋ ಮೊಸರಿನ ಚೊಂಬು. ಯಾರದೋ ಕೆಟ್ಟ ಮಿಕ್ಸಿ. ಇನ್ಯಾರದೋ ಒನಕೆ. ನನ್ನ ಬಾಗಿಲನ್ನ ಸಂತೆ ಮಾಡಿಟ್ಟು ಹೋದಳು. ಹೋಗೋಳ ಕೈಗೆ ಎಲ್ಲರೂ ಒಂದೊಂದು ಕೊಟ್ಟು ಕಳಿಸ್ತಾರೆ. ನಮ್ಮೂರ ರೂಢಿ ಅದು. ಅವಳ ಅತ್ತೆ ಒಂದು ದಿನಾನೂ ಹೀಗೆ ಮಾಡಿರಲಿಲ್ಲ.”

“ಮೂರನೆಯ ಕೇರಿಯಲ್ಲಿ ಯಾರಿದ್ದಾರೆ?”

“ನನ್ನ ಹೆಂಡತಿ ತವರಿನವರೆಲ್ಲ ಅಲ್ಲೇ. ತೊಟ್ಟಿಲು ಕಟ್ಟೋನು ಮಗುವಿನ ಸೋದರಮಾವ. ಅವನು ಬಟ್ಟಲು ಬಾಗಿಲಿಗೆ ಬರದೆ ಎದ್ದು ಬರೋ ಆಸಾಮಿಯಲ್ಲ. ಅವನು ಬರದಿದ್ದರೆ ತೊಟ್ಟಿಲಿಲ್ಲ. ನನ್ನವಳು ಮಗು ಎತ್ತಿಕೊಂಡು ಗೋಡೆ ಕಡೆ ಮುಖ ಮಾಡಿ ಕೂತಿದ್ದಾಳೆ.” ತಿಪ್ಪೇಶಿಯ ದನಿ ಏರಿತು. “ನೀವು ಹಿರಿಯರು. ಬಂದು ಆ ಹೆಂಗಸಿಗೆ ನಾಲ್ಕು ಮಾತು ಹೇಳಿ. ಅವಳು ಹತ್ತು ಜನರ ಮುಂದೆ ತಪ್ಪಾಯ್ತು ಅನ್ನಬೇಕು. ಆಮೇಲೆ ಬಟ್ಟಲು ಎತ್ತಿಕೊಂಡು ಹೊರಡಬೇಕು.”

“ಹೇಳೋಣ. ನೀನು ಹೇಗೆ ಬಂದೆ?”

“ಟೆಂಪೋದಲ್ಲಿ. ಮನೆ ಬಾಗಿಲಲ್ಲೇ ನಿಂತಿತ್ತು, ಹತ್ತಿ ಬಂದೆ.”

“ಒಳ್ಳೆಯದು. ನಾಲ್ಕು ಮಾತು ಬೋರಮ್ಮನಿಗೆ ಆಮೇಲೆ ಹೇಳುತ್ತೇನೆ. ಮೊದಲು ನಿನಗೆ ಒಂದು ಕತೆ ಹೇಳುತ್ತೇನೆ. ಇದರಲ್ಲಿ ಬಡಾಯಿ ಬಂದರೆ ಅದನ್ನು ಬಡಾಯಿಯೆಂದೇ ತಿಳಿ. ಸಿಟ್ಟು ಬಂದರೆ ಅದು ನಿಜ.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಕಾರಿನವನಿದ್ದ. ಅವನ ಕಾರು ಮದುವೆಗಳಿಗೆ ಬಾಡಿಗೆಗೆ ಹೋಗುತ್ತಿತ್ತು. ಮದುಮಕ್ಕಳು ಒಳಗೆ ಕೂರಬೇಕು, ಹಾಡು ಹೊರಗೆ ಹೋಗಬೇಕು. ಕಾರಿನ ಮುಂಭಾಗದಲ್ಲಿ ಹಾಡುವ ಡೆಕ್ ಇತ್ತು. ಅದರ ಗಂಟಲು ಚಿಕ್ಕದು. ಒಳಗೆ ಕೂತ ಮದುಮಕ್ಕಳಿಗೆ ಸಾಕು, ಹೊರಗೆ ಕುಣಿಯುವ ಭಾವಮೈದುನರಿಗೆ ಸಾಲದು. ಆದ್ದರಿಂದ ಅವನು ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರ್ ಇಡಿಸಿದ.

ಆಂಪ್ಲಿಫೈಯರ್ ಎಂದರೆ ಏನು? ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ದೊಡ್ಡದಾಗಿ ಕೂಗುವವನು ದೊಡ್ಡದಾಗಿ ತಿನ್ನುತ್ತಾನೆ. ಅದರ ಊಟ ಬ್ಯಾಟರಿಯಿಂದ ನೇರವಾಗಿ, ಬೆರಳು ದಪ್ಪದ ಕೆಂಪು ವೈರಿನಲ್ಲಿ ಬರುತ್ತದೆ. ಆದರೆ ಯಾವಾಗ ಏಳಬೇಕೆಂಬ ಬುದ್ಧಿ ಅದಕ್ಕಿಲ್ಲ. ಅದನ್ನು ಹೇಳುವುದಕ್ಕೆ ಡೆಕ್ಕಿನ ಬೆನ್ನಿನಿಂದ ಒಂದು ನೀಲಿ ವೈರು ಹೊರಡುತ್ತದೆ. ದಾರದಷ್ಟು ಸಣ್ಣದು. ಡೆಕ್ ಹಾಕಿದ ಕೂಡಲೇ ನೀಲಿ ವೈರು ಹಿಂದಕ್ಕೆ ಹೋಗಿ “ಏಳಪ್ಪಾ, ಕೆಲಸವಿದೆ” ಎನ್ನುತ್ತದೆ. ಆಂಪ್ಲಿಫೈಯರ್ ಏಳುತ್ತದೆ. ಕರೆಯುವುದು ನೀಲಿ ವೈರು, ಬಡಿಸುವುದು ಬ್ಯಾಟರಿ. ಈ ಎರಡನ್ನು ಬೇರೆ ಇಟ್ಟವನು ಬುದ್ಧಿವಂತ. ಅವನು ನಾನಲ್ಲ, ನಾನು ಆಗ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ನಾನೇ ಮಾಡುತ್ತಿದ್ದೆ.

ಒಂದು ಸಂಗತಿ ಮರೆತೆ. ಕರೆಸಿಕೊಂಡವನು ಎಚ್ಚರವಾಗಿರುವಷ್ಟು ಹೊತ್ತೂ ಆ ನೀಲಿ ವೈರಿನಿಂದ ಒಂದು ಗುಟುಕು ಕುಡಿಯುತ್ತಿರುತ್ತಾನೆ. ಊಟವಲ್ಲ, ಗುಟುಕು. ಒಬ್ಬನ ಒಂದು ಗುಟುಕು ಯಾರಿಗೂ ಭಾರವಲ್ಲ. ವೈರು ಜೋಡಿಸಿದ ಅಂಗಡಿಯವನು ಒಳ್ಳೆಯವನು. ಆ ವೈರಿಗೆ ಒಂದು ಪುಟ್ಟ ಫ್ಯೂಸನ್ನೂ ಇಟ್ಟಿದ್ದ.

ಕಾರು ಮೆರವಣಿಗೆಗೆ ಹೋಯಿತು. ಸದ್ದು ಹೇಗಿತ್ತೆಂದರೆ, ದಾರಿಯ ಹುಣಸೆ ಮರಗಳು ಹಣ್ಣು ಉದುರಿಸಿದವು. ಹಿಂದೆ ಬರುತ್ತಿದ್ದವರು ಮಡಿಲು ತುಂಬಿಕೊಂಡರು. ಒಬ್ಬ ಮುದುಕನ ಕಟ್ಟಿಸಿದ ಹಲ್ಲು ಅವನನ್ನು ಬಿಟ್ಟು ಕುಣಿಯಲು ಹೋಯಿತು. ನಾನು ಕಂಡಿದ್ದೇನೆ. ಕಂಡವರಲ್ಲಿ ಕಿವಿ ಉಳಿದಿರುವುದು ನನಗೊಬ್ಬನಿಗೇ.

ಇಷ್ಟಕ್ಕೆ ಅವನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಎರಡನೆಯ ಆಂಪ್ಲಿಫೈಯರ್ ತಂದ.

ಅಂಗಡಿಯವನು ಕೇಳಿದ: “ಇದನ್ನು ಎಬ್ಬಿಸುವುದಕ್ಕೆ ಬೇರೆ ಲೈನ್ ಎಳೆಯಲೇ?”

ಕಾರಿನವನು ಹೇಳಿದ: “ಯಾತಕ್ಕೆ? ನೀಲಿ ವೈರು ಹೇಗೂ ಆ ಕಡೆ ಹೋಗುತ್ತದಲ್ಲ. ಅದಕ್ಕೇ ಸಿಕ್ಕಿಸು.”

ಸಿಕ್ಕಿಸಿದರು. ಮೂರನೆಯದು ಬಂತು. ಹೇಗೂ ಆ ಕಡೆ ಹೋಗುತ್ತದಲ್ಲ, ಸಿಕ್ಕಿಸಿದರು. ನಾಲ್ಕನೆಯದು ಬಂತು, ಸಿಕ್ಕಿಸಿದರು. ನಾಲ್ಕೂ ಬಿಸಿಯಾದವು. ಅವುಗಳಿಗೆ ಗಾಳಿ ಹಾಕಲು ಎರಡು ಫ್ಯಾನ್ ಬಂದವು, ಸಿಕ್ಕಿಸಿದರು. ಡಿಕ್ಕಿಗೆ ಅಂದ ಬೇಡವೇ ಎಂದು ಮಿನುಗುವ ದೀಪದ ಪಟ್ಟಿ ಬಂತು. ಕೊನೆಗೆ ಹಿಂದಿನ ಗಾಜಿನ ಹತ್ತಿರ ಒಂದು ಗೊಂಬೆ ಬಂತು. ಹಾಡು ಬಂದರೆ ತಲೆಯಾಡಿಸುವ ಗೊಂಬೆ. ಅದಕ್ಕೂ ಕರೆಂಟು ಬೇಕು. ನೀಲಿ ವೈರು ಹೇಗೂ ಇದೆಯಲ್ಲ!

ಒಂದು ದಿನ ಫ್ಯೂಸು ಹೋಯಿತು. ತಿಪ್ಪೇಶಿ, ಫ್ಯೂಸು ಹೋಗುವುದೆಂದರೆ ಏನು? ಬಾಯಿಲ್ಲದ ವೈರು “ಸಾಕು” ಎನ್ನುವುದು. ಅವನು ಏನು ಮಾಡಿದ ಗೊತ್ತೇ? ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹರಿದು, ಸುತ್ತಿ, ಫ್ಯೂಸಿನ ಜಾಗದಲ್ಲಿ ತುರುಕಿದ. ಸಾಕು ಎಂದವರ ಬಾಯಿಗೆ ಬೆಳ್ಳಿ ಕಾಗದ ತುರುಕುವ ವಿದ್ಯೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಇದೆ. ಯಾವ ಗುರುವೂ ಕಲಿಸಬೇಕಾಗಿಲ್ಲ.

ಆಮೇಲೆ ಒಂದು ಮದುವೆ ಬಂತು. ಗಂಡಿನ ಕಡೆಯವರು ಛತ್ರದ ಬಾಗಿಲಿಗೆ ಬಂದರು. ಆರತಿ ತಟ್ಟೆ ಸಿದ್ಧವಿತ್ತು. ಕುಣಿಯುವವರು ಪಂಚೆ ಎತ್ತಿ ಕಟ್ಟಿದ್ದರು. ಕಾರಿನವನು ಡೆಕ್ ಹಾಕಿದ. ಡೆಕ್ಕಿನ ಒಳಗೆ ಸಣ್ಣಗೆ ಹೊಗೆ ಎದ್ದಿತು. ಆಮೇಲೆ ಏನೂ ಇಲ್ಲ.

ಬ್ಯಾಟರಿ ತುಂಬಿತ್ತು. ನಾಲ್ಕು ಆಂಪ್ಲಿಫೈಯರ್‌ಗಳ ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಊಟ ಸಿದ್ಧವಿತ್ತು, ಉಣ್ಣುವವರು ಇದ್ದರು, ಎಬ್ಬಿಸುವವರು ಇರಲಿಲ್ಲ. ಗಂಡಿನ ಸೋದರತ್ತೆ “ಇದೇನು, ಸೂತಕದ ಮನೆಗೆ ಬಂದೆವೇ?” ಎಂದಳು. ಆ ಮಾತಿಗೆ ಹೆಣ್ಣಿನ ಕಡೆಯವರು ತಲೆ ತಗ್ಗಿಸಿದರು. ಕಾರಿನವನು ಯಾರ ಮೇಲೆ ಸಿಟ್ಟಾದ? ಡೆಕ್ಕಿನ ಮೇಲೆ. ಅಂಗೈಯಿಂದ ಅದರ ಕೆನ್ನೆಗೆ ಹೊಡೆದ. “ಸಮಯಕ್ಕೆ ಕೈಕೊಟ್ಟಿತಲ್ಲ, ದ್ರೋಹಿ!” ಎಂದ.

ಅದನ್ನು ಕಿತ್ತು ಚರಂಡಿಗೆ ಎಸೆದ. ಇನ್ನೊಂದು ಡೆಕ್ ತಂದ, ಮೊದಲಿನದಕ್ಕಿಂತ ಹೊಳೆಯುವಂಥದು. ಎಂಟು ಹೊರೆಗಳನ್ನೂ ಮತ್ತೆ ಅದೇ ನೀಲಿ ವೈರಿಗೆ ಕಟ್ಟಿದ. ಅದು ಒಂಬತ್ತನೆಯ ದಿನ ಸತ್ತಿತು. ಆಮೇಲೆ ಅವನು ಸಿಕ್ಕಸಿಕ್ಕವರ ಹತ್ತಿರ ಒಂದೇ ಮಾತು ಹೇಳಿಕೊಂಡು ತಿರುಗಿದ: “ಈಗಿನ ಕಾಲದ ಡೆಕ್ಕುಗಳಿಗೆ ನಿಯತ್ತಿಲ್ಲ. ಹಳೆಯ ಕಾಲದ್ದು ಹೀಗಿರಲಿಲ್ಲ.”

ಹೀಗೆ ತಿರುಗುತ್ತ ಒಬ್ಬ ಮಿಸ್ತ್ರಿಯ ಹತ್ತಿರ ಬಂದ. ಆ ಮಿಸ್ತ್ರಿ ಯಾರೆಂದು ನಾನು ಹೇಳುವುದಿಲ್ಲ. ಕಣ್ಣು ಕಟ್ಟಿದರೂ ವೈರನ್ನು ಮೂಸಿ ಬಣ್ಣ ಹೇಳುತ್ತಿದ್ದ. ಸತ್ತ ಬ್ಯಾಟರಿ ಅವನ ನೆರಳು ಬಿದ್ದರೆ ಅರ್ಧ ಚಾರ್ಜ್ ಆಗುತ್ತಿತ್ತು. ರೂಪವಂತ. ಎಲ್ಲಕ್ಕಿಂತ ಹೆಚ್ಚಾಗಿ, ವಿನಯವಂತ.

“ನೀವೇ ತಾನೇ?” ಎಂದ ತಿಪ್ಪೇಶಿ.

“ಕತೆಗೆ ಬಾಯಿ ಹಾಕಬೇಡ” ಎಂದರು ಗುರುಗಳು. ಕತೆ ಮುಂದುವರಿಯಿತು.

ಮಿಸ್ತ್ರಿ ಡಿಕ್ಕಿ ತೆಗೆದು ನೋಡಿದ. ನೀಲಿ ವೈರಿನ ತುದಿಯಲ್ಲಿ ಗಂಟಿನ ಮೇಲೆ ಗಂಟು, ಟೇಪಿನ ಮೇಲೆ ಟೇಪು. ಒಂದು ಬಳ್ಳಿಗೆ ಎಂಟು ಕುಂಬಳಕಾಯಿ.

“ಇದಕ್ಕೆ ಎಷ್ಟು ಜನರನ್ನು ಕಟ್ಟಿದ್ದೀಯಯ್ಯಾ?”

“ಯಾವುದೂ ಭಾರದ್ದಲ್ಲ ಮಿಸ್ತ್ರಿ. ಬೇಕಾದರೆ ಒಂದೊಂದನ್ನೂ ಕೇಳಿ ನೋಡಿ.”

ಆ ಮಿಸ್ತ್ರಿಗೆ ಯಂತ್ರಗಳ ಭಾಷೆ ಬರುತ್ತಿತ್ತು. ಕೇಳಿಯೇಬಿಟ್ಟ. ಮೊದಲನೆಯ ಆಂಪ್ಲಿಫೈಯರ್, “ನಾನು ಒಂದು ಗುಟುಕು ಕುಡಿದೆ, ಅಷ್ಟೇ” ಎಂದಿತು. ಎರಡನೆಯದೂ ಹಾಗೇ ಎಂದಿತು. ಮೂರನೆಯದು, “ನನ್ನದು ಗುಟುಕೂ ಅಲ್ಲ, ತುಟಿ ಒದ್ದೆ ಮಾಡಿಕೊಂಡೆ” ಎಂದಿತು. ನಾಲ್ಕನೆಯದು ಅತ್ತುಬಿಟ್ಟಿತು. ಫ್ಯಾನುಗಳು, “ನಾವು ಪರೋಪಕಾರಿಗಳು, ನಮ್ಮನ್ನು ಯಾಕೆ ಕೇಳುತ್ತೀರಿ?” ಎಂದವು. ದೀಪದ ಪಟ್ಟಿ, “ನಾನು ಬರೀ ಮಿನುಗಿದೆ” ಎಂದಿತು. ಗೊಂಬೆ ಎಲ್ಲದಕ್ಕೂ ಹೌದೆಂದು ತಲೆಯಾಡಿಸಿತು.

ಎಂಟೂ ನಿಜವನ್ನೇ ಹೇಳಿದವು ತಿಪ್ಪೇಶಿ. ಒಂದೂ ಸುಳ್ಳು ಹೇಳಲಿಲ್ಲ. ಎಂಟು ನಿಜ ಸೇರಿ ಎರಡು ಡೆಕ್ಕುಗಳನ್ನು ಸುಟ್ಟಿದ್ದವು.

ಮಿಸ್ತ್ರಿಗೆ ಸಿಟ್ಟು ಬಂತು. ಅವನ ಸಿಟ್ಟಿಗೆ ಪಕ್ಕದ ಹೋಟೆಲಿನ ಹಾಲು ಒಲೆಯಿಲ್ಲದೆ ಉಕ್ಕುತ್ತಿತ್ತು. ಅವನು ಹೇಳಿದ: “ಇದು ಕರೆಯುವ ತಂತಿಯಯ್ಯಾ, ಹೊರುವ ತಂತಿಯಲ್ಲ. ಆ ಕಡೆ ಹೋಗುತ್ತದೆ ಎಂಬುದೊಂದೇ ಇದು ಮಾಡಿದ ತಪ್ಪು. ನಡೆಯುವವನು ಸಿಕ್ಕಿದನೆಂದು ಅವನ ಹೆಗಲ ಮೇಲೆ ಮನೆ ಕಟ್ಟುತ್ತಾರೇನು? ಸುಟ್ಟುಹೋದದ್ದನ್ನು ದ್ರೋಹಿ ಎನ್ನುತ್ತೀಯ. ಸುಟ್ಟವರಿಗೆ ಫ್ಯಾನ್ ಹಾಕಿ ಗಾಳಿ ಬೀಸುತ್ತೀಯ. ನಾಚಿಕೆಯಾಗಬೇಕು!”

ಕಾರಿನವನು ಕೇಳಿದ: “ಹಾಗಾದರೆ ನಾಲ್ಕನ್ನೂ ಎಬ್ಬಿಸುವುದು ಬೇಡವೇ?”

“ನಾಲ್ಕಲ್ಲ, ನಲವತ್ತು ಎಬ್ಬಿಸು. ಆದರೆ ಹೊರುವುದಕ್ಕೆ ಬೇರೆಯವನನ್ನು ಇಡು.”

ಮಿಸ್ತ್ರಿ ಒಂದು ರಿಲೇ ತೆಗೆದ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ನಾಲ್ಕು ಕಾಲು. ಮೊದಲನೆಯ ಕಾಲಿಗೆ ನೀಲಿ ವೈರು ಕೊಟ್ಟ. ಎರಡನೆಯದನ್ನು ಗಾಡಿಯ ಕಬ್ಬಿಣಕ್ಕೆ ಸೇರಿಸಿದ. ಮೂರನೆಯದಕ್ಕೆ ಬ್ಯಾಟರಿಯಿಂದಲೇ ಒಂದು ದಪ್ಪ ವೈರು ತಂದ, ನಡುವೆ ನಿಜವಾದ ಫ್ಯೂಸು ಇಟ್ಟ, ಬೆಳ್ಳಿ ಕಾಗದವಲ್ಲ. ನಾಲ್ಕನೆಯ ಕಾಲಿನಿಂದ ಒಂದು ಲೈನ್ ಹೊರಟು ಎಂಟು ಜನರಿಗೂ ಹಂಚಿಹೋಯಿತು. ಈಗ ನೀಲಿ ವೈರು ಒಬ್ಬನನ್ನು ಮಾತ್ರ ಕರೆಯಬೇಕು. ಅದು ಪಿಸುಮಾತಿನಲ್ಲಿ ಕರೆಯುತ್ತದೆ. ರಿಲೇಯೊಳಗಿನ ಸುರುಳಿ ಆ ಮಾತಿಗೆ ಅಯಸ್ಕಾಂತವಾಗುತ್ತದೆ. ಒಳಗಿನ ಎರಡು ತುದಿಗಳು ಟಿಕ್ಕೆಂದು ಕೂಡಿಕೊಳ್ಳುತ್ತವೆ, ಬ್ಯಾಟರಿಯ ದಾರಿ ತೆರೆಯುತ್ತದೆ. ಹೊರೆಯೆಲ್ಲ ಹೊರಬಲ್ಲವನ ಕಡೆಯಿಂದ ಬರುತ್ತದೆ. ಕರೆದವನು ತಣ್ಣಗಿರುತ್ತಾನೆ.

ಮೂರನೆಯ ಡೆಕ್ ಹಾಕಿದರು. ಟಿಕ್ ಎಂದಿತು. ನಾಲ್ಕೂ ಎದ್ದವು. ಆ ಸದ್ದಿಗೆ ಮಿಸ್ತ್ರಿಯ ಅಂಗಡಿಯ ತಗಡು ಮೂರು ಅಂಗುಲ ಉತ್ತರಕ್ಕೆ ಸರಿಯಿತು. ನೋಡು, ಇನ್ನೂ ಹಾಗೇ ಇದೆ. ಕಾರಿನವನು, “ಇಷ್ಟೇನಾ?” ಎಂದ. ಇಷ್ಟೇ.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ಸಿಟ್ಟಿರುತ್ತಿರಲಿಲ್ಲ. ಒಂದು ತಿಂಗಳ ಮೇಲೆ ಅವನು ಮತ್ತೆ ಬಂದ. ಮೂರನೆಯ ಡೆಕ್ಕೂ ಸತ್ತಿತ್ತು. ಮಿಸ್ತ್ರಿ ಬಿಚ್ಚಿ ನೋಡಿದ. ರಿಲೇ ತನ್ನ ಜಾಗದಲ್ಲಿತ್ತು. ಆದರೆ ನೀಲಿ ವೈರಿಗೆ ಮೂರು ಹೊಸ ಗಂಟುಗಳಿದ್ದವು. ಮದುಮಗಳಿಗೆ ಒಂದು ಪುಟ್ಟ ಫ್ಯಾನ್. ಮದುಮಗನಿಗೆ ಫೋನ್ ಚಾರ್ಜಿಗೆ ಒಂದು ತೂತು. ಮೂರನೆಯದಕ್ಕೆ ಏನಿತ್ತೆಂದು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಇನ್ನೊಂದು ಗೊಂಬೆ!

ಮಿಸ್ತ್ರಿ ಕೇಳಿದ: “ಇದನ್ನು ಯಾಕೆ ಮಾಡಿದೆ?”

ಅವನು ಹೇಳಿದ: “ನೀವೇ ಅದರ ಭಾರ ಇಳಿಸಿದಿರಲ್ಲ. ಈಗ ಹೇಗೂ ಖಾಲಿ ಇದೆಯಲ್ಲ ಎಂದು.”

ಕತೆ ಇಷ್ಟು. ಕಾರು ಹೋಯಿತು. ಮಿಸ್ತ್ರಿಯ ಸಿಟ್ಟು ಮಾತ್ರ ಇಲ್ಲೇ ಇದೆ.

ಗುರುಗಳು ಕತೆ ನಿಲ್ಲಿಸಿ ಎದ್ದರು. ಅಂಗಿ ಹಾಕಿಕೊಂಡರು. ಬೋರಮ್ಮನ ಮನೆಗೆ ಹೊರಡಲು ಸಿದ್ಧರಾದಂತೆ ಕಂಡಿತು.

ತಿಪ್ಪೇಶಿ ಏಳಲಿಲ್ಲ. ಟೆಂಪೋದ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದ.

“ಕಾರಿನವನು ಮೂರ್ಖ ಗುರುಗಳೇ, ಒಪ್ಪಿದೆ. ಅವನು ಎಂಟು ಕಟ್ಟಿದ.” ಅವನ ದನಿ ಮೊದಲಿನಷ್ಟು ಏರಲಿಲ್ಲ. “ನಾನು ಎಂಟು ಕೊಡಲಿಲ್ಲ. ಚೊಂಬು ನನ್ನದಲ್ಲ, ಮಿಕ್ಸಿ ನನ್ನದಲ್ಲ, ಒನಕೆ ನನ್ನದಲ್ಲ. ನನ್ನದು ಒಂದೇ ಒಂದು ಚೀಲ.”

ಗುರುಗಳು ಬಾಗಿಲಲ್ಲಿ ನಿಂತಿದ್ದ ಖಾಲಿ ಟೆಂಪೋವನ್ನು ನೋಡಿದರು. ಆಮೇಲೆ ಶಿಷ್ಯನನ್ನು ನೋಡಿದರು.

“ಎಷ್ಟನೆಯದು?”